ಬ್ಯಾಡ್ಜರನ್ನು ಕೊಂದರೆ ದನಗಳ ಕ್ಷಯ ಹೋಗುವುದೇ?

ಇಂಗ್ಲೆಂಡಿನ ಹೊಲಗಳಂಚಿನಲ್ಲಿ ಬಿಲ ತೋಡಿ ಬಾಳುವ, ಬಿಳಿ ಮುಖದ ಮೇಲೆ ಕಪ್ಪು ಪಟ್ಟೆಯುಳ್ಳ ನಿಶಾಚರ ಪ್ರಾಣಿಯೇ ಬ್ಯಾಡ್ಜರ್. 1971ರಲ್ಲಿ ಗ್ಲಾಸ್ಟರ್‌ಷೈರಿನಲ್ಲಿ ಸತ್ತುಬಿದ್ದಿದ್ದ ಒಂದು ಬ್ಯಾಡ್ಜರಿನಲ್ಲಿ ದನಗಳ ಕ್ಷಯರೋಗಾಣು ಕಂಡುಬಂದಿತು. ಅಂದಿನಿಂದ ಅದು ಅಪರಾಧಿಯೆನಿಸಿತು. 1975ರಿಂದ ಬಿಲಗಳಿಗೆ ವಿಷಾನಿಲ ಹಾಯಿಸಿದರು. ಪ್ರಾಣಿಗಳು ನರಳಿ ಸಾಯುವುದು ತಿಳಿದು 1982ರಲ್ಲಿ ಅದನ್ನು ನಿಲ್ಲಿಸಿದರು.

ರೈತನ ಸಂಕಟವೂ ಸುಳ್ಳಲ್ಲ. ಪರೀಕ್ಷೆಯಲ್ಲಿ ರೋಗ ತೋರಿದ ಹಸುವನ್ನು ಕಡ್ಡಾಯವಾಗಿ ವಧಿಸಬೇಕು. ಆದ್ದರಿಂದ ನಿಜ ತಿಳಿಯಲೆಂದು 1998ರಿಂದ 2005ರವರೆಗೆ ಸರಕಾರ ದೊಡ್ಡ ಪ್ರಯೋಗವನ್ನೇ ನಡೆಸಿತು. ಸುಮಾರು 11,000 ಬ್ಯಾಡ್ಜರುಗಳು ಹತವಾದವು. ಎಲ್ಲೆಡೆ ಹುಡುಕಿ ಕೊಂದ ಪ್ರದೇಶಗಳೊಳಗೆ ರೋಗ ಇಳಿಯಿತು. ಆದರೆ ಸುತ್ತಲಿನ 2 ಕಿಲೋಮೀಟರಿನಲ್ಲಿ ಏರಿತು! ಗುಂಪು ಚದುರಿ, ಉಳಿದವು ದೂರ ಅಲೆದು ರೋಗ ಹರಡಿದವೆಂಬುದು ತಜ್ಞರ ವಿವರಣೆ. ಈ ಹತ್ಯೆಯಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲವೆಂದು 2007ರಲ್ಲಿ ಜಾನ್ ಬೋರ್ನ್ ಅವರ ಸಮಿತಿ ವರದಿಯಿತ್ತಿತು.

ಆದರೂ 2013ರಲ್ಲಿ ಸಾಮರ್ಸೆಟ್, ಗ್ಲಾಸ್ಟರ್‌ಷೈರುಗಳಲ್ಲಿ ಬಂದೂಕು ಮತ್ತೆ ಮೇಲೆದ್ದಿತು. ಹತ್ಯೆ ನಡೆದ ಕಡೆಗಳಲ್ಲಿ ಮುಂದೆ ರೋಗ ಇಳಿದದ್ದು ನಿಜ. ಅದು ಬ್ಯಾಡ್ಜರ್ ಹತ್ಯೆಯಿಂದಲೋ, ದನಗಳ ಪರೀಕ್ಷೆ ಬಿಗಿಯಾದದ್ದರಿಂದಲೋ ಎಂಬ ವಾದ ಇನ್ನೂ ಮುಗಿದಿಲ್ಲ.

ದನದಿಂದ ದನಕ್ಕೂ ಈ ರೋಗ ಹರಡುತ್ತದೆಂಬುದನ್ನು ಮರೆಯಬಾರದು. ಕೊಂದ ಲೆಕ್ಕದ ಜೊತೆಗೆ ಕೊಂದದ್ದರ ಫಲವನ್ನೂ ಬರೆದಿಟ್ಟಿದ್ದರಿಂದಲೇ ನಮಗೆ ಇಷ್ಟಾದರೂ ತಿಳಿಯಿತು.