ಉಪ್ಪು, ಸಕ್ಕರೆ, ನೀರು... ಮತ್ತೆ ಅಮ್ಮಂದಿರು

ಓಆರ್‌ಎಸ್ ಪೊಟ್ಟಣ ಈಗ ಯಾವ ಮೆಡಿಕಲ್ ಶಾಪಿನಲ್ಲಾದರೂ ಸಿಗುತ್ತೆ. ಅದನ್ನ ಕುಡಿಸೋಕೆ ಡಾಕ್ಟರೇ ಬೇಕಿಲ್ಲ ಅನ್ನೋದು ಸಾಬೀತಾಗಿದ್ದು ಒಂದು ನಿರಾಶ್ರಿತರ ಶಿಬಿರದಲ್ಲಿ, ಗೊತ್ತಾ?

1971ನೇ ಇಸವಿ. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಲಕ್ಷಾಂತರ ಜನ ಪಶ್ಚಿಮ ಬಂಗಾಳದ ಗಡಿ ಊರು ಬನಗಾಂವ್‌ನಲ್ಲಿ ತುಂಬಿಕೊಂಡಿದ್ದರು. ಕಾಲರಾ ಹಬ್ಬಿತ್ತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ಡ್ರಿಪ್ ಹಾಕೋ ಸಲೈನ್ ಮುಗಿಯುತ್ತಾ ಬಂದಿತ್ತು, ಹಾಕೋ ಕೈಗಳೂ ಸಾಲದು.

ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪು, ನೀರು ಎರಡನ್ನೂ ಹೀರಿಕೊಳ್ಳುತ್ತೆ ಅಂತ ಆಗಲೇ ಗೊತ್ತಿತ್ತು. 1968ರಲ್ಲಿ ಢಾಕಾದಲ್ಲಿ ಪ್ರಯೋಗವೂ ಆಗಿತ್ತು. ಆದರೆ ವಾರ್ಡಿನಲ್ಲಿ, ತಜ್ಞರ ಕಣ್ಣೆದುರು.

ಡಾ. ದಿಲೀಪ್ ಮಹಾಲನಬಿಸ್ ಇದ್ದ ಸಲೈನನ್ನ ತೀರಾ ನಿತ್ರಾಣರಾದವರಿಗೆ ಉಳಿಸಿಕೊಂಡರು. ಮಿಕ್ಕವರಿಗೆ ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಅದನ್ನ ಹಿಡಿದು ತಂದು ಗುಟುಕು ಗುಟುಕಾಗಿ ಕುಡಿಸಿದವರು ರೋಗಿಗಳ ಮನೆಯವರೇ! ಶೇ. 30ರಷ್ಟಿದ್ದ ಸಾವು ಶೇ. 3.6ಕ್ಕೆ ಇಳಿಯಿತು.

ಇವತ್ತು ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಪೊಟ್ಟಣ ತಂದು ಬೆರೆಸೋದು ಹೇಳಿಕೊಡುತ್ತಾಳಲ್ಲ, ಅದರ ಹಿಂದಿರೋದು ಇದೇ ನಂಬಿಕೆ. 2022ರಲ್ಲಿ ತೀರಿಕೊಂಡ ಡಾಕ್ಟರಿಗೆ 2023ರಲ್ಲಿ ಪದ್ಮವಿಭೂಷಣ ಬಂತು. ಅಲ್ಲಿ ನಿದ್ದೆಗೆಟ್ಟು ಕುಡಿಸಿದ ಅಮ್ಮಂದಿರನ್ನೂ ಒಮ್ಮೆ ನೆನೆಯೋಣ.