ಸರ್ಕಾರಕ್ಕೆ ಸ್ವತಂತ್ರ ನೀತಿಸಲಹೆ: ಮೈಸೂರು ಮತ್ತು ಕರ್ನಾಟಕದಲ್ಲಿ ಅದರ ಚರಿತ್ರೆ

ಅಧಿಕಾರದ ಹೊಣೆಯನ್ನು ಹೊರದವರು ಅಧಿಕಾರದಲ್ಲಿರುವವರಿಗೆ ಹಿತವನ್ನು ಹೇಳುವ ಪದ್ಧತಿ ನಮ್ಮ ದೇಶದಲ್ಲಿ ವಿದುರನಷ್ಟು ಪುರಾತನವಾದುದಾದರೂ, ಆ ಹಿತವಚನವು ಸಭೆ, ಸಮಿತಿ, ಆಯೋಗ, ಸಂಶೋಧನಾಲಯವೆಂಬ ಸ್ಥಿರರೂಪಗಳನ್ನು ತಾಳಿ, ಅಂಕಿ ಅಂಶಗಳ ಆಧಾರವನ್ನು ಪಡೆದು, ಅಚ್ಚಾದ ವರದಿಯಾಗಿ ಸರ್ವಜನರ ಕೈಗೆ ದೊರೆಯುವಂತಾದುದು ಕನ್ನಡನಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಮಾತು. ಜಾತಿ, ಭಾಷೆ, ನೀರು, ಭೂಮಿ, ಪ್ರಾಂತೀಯ ಅಸಮಾನತೆ ಮೊದಲಾದವು ಒಂದು ಮಂತ್ರಿಮಂಡಲದ ಆಯುಷ್ಯದಲ್ಲಿ ತೀರತಕ್ಕ ವಿಷಯಗಳಲ್ಲ; ಆದಕಾರಣ ಚುನಾವಣೆಯ ಕಾಲಗಣನೆಗೆ ಒಳಪಡದ ಯಾರಾದರೂ ಇವುಗಳನ್ನು ಕುರಿತು ಚಿಂತಿಸಬೇಕೆಂಬ ಅಭಿಪ್ರಾಯ ಇಲ್ಲಿ ಬಹುಕಾಲದಿಂದ ಇದ್ದಿತು. ಅಂಥವರನ್ನು ನೇಮಿಸಿದವರೂ, ಸಂಬಳ ಕೊಟ್ಟವರೂ, ಅವರ ವರದಿಯನ್ನು ಸ್ವೀಕರಿಸಿದವರೂ ತಳ್ಳಿದವರೂ ಸರ್ಕಾರದವರೇ ಆಗಿದ್ದುದರಿಂದ, ಸಲಹೆಯ ಸ್ವಾತಂತ್ರ್ಯವನ್ನು ಅಳೆಯಲು ಉಳಿದ ಅಳತೆಗೋಲು ಒಂದೇ: ಕೇಳಿದವರಿಗೆ ಅಪ್ರಿಯವಾದುದನ್ನು ಹೇಳಲಾಯಿತೆ, ಹೇಳಿದುದು ಬಯಲಿಗೆ ಬಂದಿತೆ ಎಂಬುದು.

ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರ ಆಳಿಕೆಯ ತರುವಾಯ 1881ರ ಮಾರ್ಚ್ 25ರಂದು ಮೈಸೂರು ರಾಜ್ಯವು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಮರಳಿ ಪ್ರಾಪ್ತವಾಯಿತು. ಅದೇ ವರ್ಷದ ಆಗಸ್ಟ್ 25ರ ಆಜ್ಞೆಯಿಂದ ದಿವಾನ್ ಸಿ. ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಅಕ್ಟೋಬರ್ 7ರಂದು, ದಸರೆಯ ಕಾಲದಲ್ಲಿ, 144 ಪ್ರತಿನಿಧಿಗಳು ಮೈಸೂರಿನಲ್ಲಿ ನೆರೆದರು. ರಾಜ್ಯದ ಆದಾಯ ವ್ಯಯಗಳನ್ನೂ ಮುಂದಣ ವರ್ಷದ ಉದ್ದೇಶಗಳನ್ನೂ ದಿವಾನರು ಓದಿ ತಿಳಿಸುವುದು, ಪ್ರತಿನಿಧಿಗಳು ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆಮಾಡಿಕೊಳ್ಳುವುದು, ಇಷ್ಟೇ ಆಗ ಸಭೆಯ ವ್ಯಾಪಾರವಾಗಿದ್ದಿತು. ಕಾನೂನು ಮಾಡುವ ಅಧಿಕಾರವಾಗಲಿ ಲೆಕ್ಕವನ್ನು ತಿರಸ್ಕರಿಸುವ ಅಧಿಕಾರವಾಗಲಿ ಅದಕ್ಕೆ ಇರಲಿಲ್ಲ. ಸದಸ್ಯರೂ ಬಹುಮಟ್ಟಿಗೆ ಕಂದಾಯ ಕೊಡುವ ಹಿಡುವಳಿದಾರರು ಮತ್ತು ವರ್ತಕರು. ಕೂಲಿಯಾಳಿನ ಮಾತು ಅಲ್ಲಿ ಕೇಳಿಸಿತೆಂದು ಯಾರೂ ಹೇಳಲಾರರು. ಅದಾಗ್ಯೂ ಸಭೆಯ ನಡವಳಿಕೆಗಳು ಅಚ್ಚಾಗುತ್ತಿದ್ದುವೆಂಬ ಒಂದು ಸಂಗತಿಯೇ ಅದಕ್ಕೆ ಕಾಗದದ ಮೇಲೆ ಇಲ್ಲದ ಬಲವನ್ನು ತಂದುಕೊಟ್ಟಿತು. ಹಾಸನದ ಸೀಮೆಯ ಕೆರೆಯೊಂದರ ಏರಿ ಒಡೆದ ದೂರಿಗೂ ದಿವಾನರು ಉತ್ತರ ಕೊಡಬೇಕಾಗುತ್ತಿತ್ತು, ಆ ಉತ್ತರವೂ ಅಚ್ಚಿನಲ್ಲಿ ನಿಲ್ಲುತ್ತಿತ್ತು, ಮುಂದಿನ ದಸರೆಗೆ ಅದನ್ನು ಎತ್ತಿ ತೋರಿಸುವವರೂ ಇರುತ್ತಿದ್ದರು.

ಸಭೆಯ ಸಲಹೆಯ ಪರಿಮಿತಿ ಮತ್ತು ಪ್ರಯೋಜನ ಎರಡೂ ಸ್ಪಷ್ಟವಾಗಿ ಕಾಣುವುದು ಬಾಲ್ಯವಿವಾಹದ ಪ್ರಶ್ನೆಯಲ್ಲಿ. ಎಂಟು ವರ್ಷಕ್ಕೆ ಕಡಿಮೆಯ ಹೆಣ್ಣುಮಗುವಿನ ವಿವಾಹವನ್ನೂ, ಐವತ್ತು ಮೀರಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ವರಿಸುವುದನ್ನೂ ನಿಷೇಧಿಸಿದ 1894ರ ಕಾಯಿದೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಬಂದಿತು. ಸಭೆಯಲ್ಲಿ ಈ ವಿಷಯವಾಗಿ ಚರ್ಚೆ ನಡೆದಿದ್ದಿತು. ಧರ್ಮಶಾಸ್ತ್ರದ ಹೆಸರಿನಲ್ಲಿ ವಿರೋಧವೂ ಬಾರದೆ ಇರಲಿಲ್ಲ. ಬಹುಮತವನ್ನೇ ಕಾಯುತ್ತಿದ್ದರೆ ಆ ಕಾನೂನು ಆ ದಶಕದಲ್ಲಿ ಹುಟ್ಟುತ್ತಿತ್ತೆಂದು ನಂಬುವುದು ಕಷ್ಟ. ಸಲಹೆಯನ್ನು ಕೇಳುವುದೂ ಅದರ ಒಂದು ಭಾಗವನ್ನು ಬಿಡುವುದೂ ಎರಡೂ ಆಳುವವನ ಕೆಲಸವೇ ಎಂಬುದಕ್ಕೆ ಈ ಕಾಯಿದೆ ಒಳ್ಳೆಯ ನಿದರ್ಶನ.

1907ರಲ್ಲಿ ಶಾಸನಸಭೆ ಏರ್ಪಟ್ಟಿತು. 1911ರ ಜೂನ್ ತಿಂಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದ ಮೈಸೂರು ಸಂಪದಭ್ಯುದಯ ಸಮಾಜವು ಬೇರೊಂದು ಜಾತಿಯ ಸಂಸ್ಥೆ. ಆಗ ಮುಖ್ಯ ಇಂಜಿನಿಯರಾಗಿದ್ದ ಎಂ. ವಿಶ್ವೇಶ್ವರಯ್ಯನವರ ಕಲ್ಪನೆಯಿಂದ ಹುಟ್ಟಿದ ಇದರಲ್ಲಿ ಕೃಷಿ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯಗಳಿಗೆ ಪ್ರತ್ಯೇಕ ಸಮಿತಿಗಳಿದ್ದು, ಅಧಿಕಾರಿಗಳೂ ಅಧಿಕಾರಿಗಳಲ್ಲದವರೂ ಒಂದೇ ಮೇಜಿನ ಸುತ್ತ ಕುಳಿತು ಮುಂದಿನ ಹತ್ತಿಪ್ಪತ್ತು ವರ್ಷಗಳ ಮಾತನ್ನು ಆಡಬೇಕೆಂಬುದು ಉದ್ದೇಶವಾಗಿದ್ದಿತು. 1913ರ ಮೈಸೂರು ಬ್ಯಾಂಕು, 1916ರ ವಿಶ್ವವಿದ್ಯಾನಿಲಯ ಈ ಉತ್ಸಾಹದ ಕಾಲದ ಫಲಗಳು. 1915ರಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಬೀಜವೂ ಇದೇ ಸಮಾಜದ ವಿದ್ಯಾಸಮಿತಿಯ ವಿಚಾರಗಳಲ್ಲಿದ್ದುದು, ಸಾಹಿತ್ಯವನ್ನು ಸಂಪತ್ತಿನ ಲೆಕ್ಕಕ್ಕೆ ಸೇರಿಸಿದ ಆ ಪೀಳಿಗೆಯ ದೂರದೃಷ್ಟಿಗೆ ಸಾಕ್ಷಿ. ಆದರೆ ಸ್ವಾತಂತ್ರ್ಯದ ದೃಷ್ಟಿಯಿಂದ ಇದು ದುರ್ಬಲ. ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದ ಮೇಲೆ ಸಲಹೆಗಾರರೂ ಸಲಹೆಯನ್ನು ನಡೆಸುವವರೂ ಬಹುಮಟ್ಟಿಗೆ ಒಬ್ಬರೇ ಆದರು.

ದಿವಾನರ ಇಚ್ಛೆಗೆ ಎದುರಾಗಿ ನಿಂತ ಸಲಹೆ ಬಂದದ್ದು 1918ರಲ್ಲಿ. ಸರ್ಕಾರಿ ಉದ್ಯೋಗಗಳು ಬಹುತೇಕ ಒಂದೇ ಸಮುದಾಯದವರ ಪಾಲಾಗಿವೆಯೆಂದು ಪ್ರಜಾಮಿತ್ರ ಮಂಡಲಿಯವರು ಮಹಾರಾಜರಲ್ಲಿ ಅರಿಕೆಮಾಡಿಕೊಂಡ ಮೇಲೆ, ಮೈಸೂರಿನ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಬ್ರಾಹ್ಮಣೇತರರನ್ನು ಹಿಂದುಳಿದವರೆಂದು ಪರಿಗಣಿಸಿ, ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧವೂ ಕೆಳದರ್ಜೆಯ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲೂ ಅವರಿಗೆ ದೊರೆಯುವಂತಾಗಬೇಕೆಂದು ಸಮಿತಿ 1919ರಲ್ಲಿ ಶಿಫಾರಸು ಮಾಡಿತು. ಯೋಗ್ಯತೆಯನ್ನು ಬಿಟ್ಟು ಬೇರೊಂದು ಪ್ರಮಾಣವನ್ನು ಒಪ್ಪದ ವಿಶ್ವೇಶ್ವರಯ್ಯನವರು ವರದಿಯು ಬರುವ ಮುನ್ನವೇ, 1918ರ ಅಂತ್ಯದಲ್ಲಿ, ದಿವಾನಗಿರಿಯನ್ನು ತ್ಯಜಿಸಿದ್ದರು, ಎಂ. ಕಾಂತರಾಜ ಅರಸರು ಆ ಸ್ಥಾನಕ್ಕೆ ಬಂದರು. 1921ರಲ್ಲಿ ಆ ಶಿಫಾರಸಿನ ಮೇರೆಗೆ ಸರ್ಕಾರದ ಆಜ್ಞೆ ಹೊರಟಿತು. ಸಮಿತಿಯೊಂದರ ನೇಮಕವೇ ರಾಜ್ಯದ ಅತ್ಯಂತ ಸಮರ್ಥ ಆಡಳಿತಗಾರನನ್ನು ಪದವಿಯಿಂದ ಇಳಿಯುವಂತೆ ಮಾಡಿದ ಪ್ರಸಂಗ ಆ ಕಾಲದ ಭಾರತದಲ್ಲಿ ಅಪರೂಪ. ವಿಶ್ವೇಶ್ವರಯ್ಯನವರ ನಿಷ್ಠೆಯನ್ನು ಶಂಕಿಸುವ ಕಾರಣವಿಲ್ಲ. ಆದರೆ ಮಿಲ್ಲರ್ ಸಮಿತಿ ಕಂಡ ಅನ್ಯಾಯವೂ ಸತ್ಯವೇ ಆಗಿದ್ದಿತು, ಕಾಲವು ಸಮಿತಿಯ ಪಕ್ಷಕ್ಕೇ ಸಾಕ್ಷಿ ಹೇಳಿತು.

ರಾಜ್ಯಾಂಗ ಸುಧಾರಣೆಯನ್ನು ಕುರಿತು ವಿಶ್ವವಿದ್ಯಾನಿಲಯದ ಕುಲಪತಿ ಬ್ರಜೇಂದ್ರನಾಥ ಸೀಲರ ಸಮಿತಿ ಕೊಟ್ಟ ಸಲಹೆಯ ಮೇರೆಗೆ 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ ದೊರೆಯಿತು. ಸಂಸ್ಥಾನದ ವೇತನವನ್ನು ಅಪೇಕ್ಷಿಸದೆ, ಸರ್ಕಾರದ ಹೊರಗೆ ನಿಂತು ಸಾರ್ವಜನಿಕ ವಿಷಯಗಳನ್ನು ವಿಚಾರಿಸುವುದಕ್ಕೆಂದೇ ಒಂದು ಪೀಠವಿರಬೇಕೆಂದು ಬಗೆದವರು ಡಿ.ವಿ. ಗುಂಡಪ್ಪನವರು. 1945ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯು ಪಕ್ಷಗಳಿಂದ ದೂರವಾಗಿ ನಾಗರಿಕನ ಶಿಕ್ಷಣವನ್ನೇ ಗುರಿಯಾಗಿಟ್ಟುಕೊಂಡಿತು. ಸರ್ಕಾರಕ್ಕೆ ಸಲಹೆ ಹೇಳುವುದಕ್ಕಿಂತ ಮೊದಲು ಸಲಹೆಯನ್ನು ಅರ್ಥಮಾಡಿಕೊಳ್ಳುವ ಪ್ರಜೆಗಳು ಬೇಕೆಂಬುದು ಗುಂಡಪ್ಪನವರ ನಂಬಿಕೆ.

ಸ್ವಾತಂತ್ರ್ಯೋತ್ತರ ಕಾಲದಲ್ಲಿ, ವಿಶೇಷವಾಗಿ 1956ರ ಏಕೀಕರಣದ ನಂತರ, ಆಯೋಗಗಳು ಬಹುಳವಾದುವು. ಹಿಂದುಳಿದ ವರ್ಗಗಳ ವಿಷಯದಲ್ಲಿ 1960ರ ನಾಗನಗೌಡ ಸಮಿತಿಯ ಹಿಂದೆಯೇ ಬಂದ ಸರ್ಕಾರದ ಮೀಸಲಾತಿ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು 1962ರ ಬಾಲಾಜಿ ಮೊಕದ್ದಮೆಯಲ್ಲಿ ರದ್ದುಮಾಡಿತು. ದೇವರಾಜ ಅರಸರ ಸರ್ಕಾರ 1972ರಲ್ಲಿ ನೇಮಿಸಿದ ಎಲ್.ಜಿ. ಹಾವನೂರರ ಆಯೋಗವು 1975ರಲ್ಲಿ ವರದಿ ಕೊಟ್ಟಿತು. ಟಿ. ವೆಂಕಟಸ್ವಾಮಿಯವರ ಆಯೋಗದ 1986ರ ವರದಿ ಪ್ರಬಲ ಸಮುದಾಯಗಳನ್ನು ಪಟ್ಟಿಯಿಂದ ಹೊರಗಿಡಲು ಹೊರಟು, ರಾಜ್ಯದಲ್ಲೆಲ್ಲ ಕೋಲಾಹಲವೆದ್ದು, ಸರ್ಕಾರದಿಂದ ತಿರಸ್ಕೃತವಾಯಿತು. ಎಚ್. ಕಾಂತರಾಜು ಅವರು ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದ ಕಾಲದಲ್ಲಿ, 2015ರಲ್ಲಿ, ನಡೆದ ಜಾತಿವಾರು ಸಮೀಕ್ಷೆಯ ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರವರಿಯಲ್ಲಿ. ಅದನ್ನು ಒಪ್ಪುವುದೋ ಬಿಡುವುದೋ ಎಂಬ ವಾದ ಮುಗಿಯದೆಯೇ 2025ರಲ್ಲಿ ಮತ್ತೊಂದು ಸಮೀಕ್ಷೆಗೆ ಆದೇಶವಾಯಿತು. ಭಾಷೆಯ ವಿಷಯದಲ್ಲಿಯೂ ಹೀಗೆಯೇ: ಶಾಲೆಗಳಲ್ಲಿ ಕನ್ನಡದ ಸ್ಥಾನವನ್ನು ಕುರಿತ ವಿ.ಕೃ. ಗೋಕಾಕರ ಸಮಿತಿಯ 1981ರ ವರದಿ ಕಪಾಟು ಸೇರುವ ಲಕ್ಷಣ ಕಂಡಾಗ ಅದನ್ನು ಹೊರಗೆ ತಂದದ್ದು ಪಂಡಿತರ ತರ್ಕವಲ್ಲ, ಚಿತ್ರನಟ ರಾಜಕುಮಾರರ ಹಿಂದೆ ಬೀದಿಗಿಳಿದ ಜನ.

ಶಾಶ್ವತವಾದ ಸಂಶೋಧನ ಸಂಸ್ಥೆಯ ರೂಪದಲ್ಲಿ ಬಂದದ್ದು ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ. ದೆಹಲಿ ಅರ್ಥಶಾಸ್ತ್ರ ಶಾಲೆಯನ್ನು ಕಟ್ಟಿದ್ದ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಇದನ್ನು ಸ್ಥಾಪಿಸಿದಾಗ ಜೊತೆಗೂಡಿದವರು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮೈಸೂರಿನ ಬಳಿಯ ಗ್ರಾಮವೊಂದರಲ್ಲಿ 1948ರಲ್ಲಿ ನೆಲಸಿ ಅಧ್ಯಯನ ಮಾಡಿದ್ದ ಶ್ರೀನಿವಾಸರ ಸಂಸ್ಕರಿಸಿದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾಗಿ, ಅವರು ನೆನಪಿನಿಂದಲೇ ಆ ಗ್ರಾಮದ ಚಿತ್ರವನ್ನು ಬರೆದು 1976ರಲ್ಲಿ ಪ್ರಕಟಿಸಿದುದು ಪ್ರಸಿದ್ಧ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ನಿರ್ಣಯಿಸಿತು. ಈ ವರ್ಗೀಕರಣವನ್ನು ಪಕ್ಷಭೇದವಿಲ್ಲದೆ ಎಲ್ಲ ಸರ್ಕಾರಗಳೂ ಇಂದಿಗೂ ಉಲ್ಲೇಖಿಸುತ್ತವೆ.

ಇಷ್ಟು ಸಲಹೆಗಳ ಪರಿಣಾಮವೇನೆಂಬುದು ರಾಜಧಾನಿಗಿಂತ ಹೊಳೆಯ ದಂಡೆಯಲ್ಲಿ ಹೆಚ್ಚು ಸ್ಪಷ್ಟ. ಹಾಸನ ತಾಲ್ಲೂಕಿನ ಗೊರೂರು, ಯೋಗಾನರಸಿಂಹನ ಗುಡಿಯಿಂದಲೂ, ಗಾಂಧೀವಾದಿ ಲೇಖಕ ಗೊರೂರು ರಾಮಸ್ವಾಮಿ ಅಯ್ಯಂಗಾರರಿಂದಲೂ ಪ್ರಸಿದ್ಧವಾದ ಹೇಮಾವತೀ ತೀರದ ಗ್ರಾಮ. ಹಳ್ಳಿಯ ಜೀವನವನ್ನು ನಗುನಗುತ್ತ ಬರೆದ ರಾಮಸ್ವಾಮಿ ಅಯ್ಯಂಗಾರರ ಪುಸ್ತಕಗಳಲ್ಲಿ ಯಾವ ಸಮಿತಿಯ ವರದಿಯೂ ಹೇಳದ ಸಂಗತಿಗಳುಂಟು. ಕಾವೇರಿಯನ್ನು ಸೇರುವ ಈ ಹೊಳೆಯ ನೀರಿನ ಹಕ್ಕು ಮೊದಲು ವಿಚಾರಣೆಗೆ ಬಂದದ್ದು ಕಾವೇರಿಯ ವಿವಾದದ ಅಂಗವಾಗಿ. ಮಧ್ಯಸ್ಥರಾದ ನ್ಯಾಯಾಧೀಶ ಗ್ರಿಫಿನ್ 1914ರಲ್ಲಿ ಕೊಟ್ಟ ತೀರ್ಮಾನ ಮೈಸೂರಿಗೆ ಅನುಕೂಲವಾಗಿದ್ದರೂ ಮದರಾಸು ಅದನ್ನು ಒಪ್ಪಲಿಲ್ಲ. 1924ರ ಫೆಬ್ರವರಿ 18ರ ಒಪ್ಪಂದದಲ್ಲಿ ಕೆಲವು ಅಂಶಗಳನ್ನು ಐವತ್ತು ವರ್ಷಗಳ ಅನಂತರ ಪುನಃ ಪರಿಶೀಲಿಸಬಹುದೆಂದು ಬರೆಯಲಾಯಿತು. ಆ ಐವತ್ತು ವರ್ಷ ತುಂಬುವ ಹೊತ್ತಿಗೆ ಕೇಂದ್ರದ ಯೋಜನಾ ಆಯೋಗ ಸಮ್ಮತಿ ಕೊಡದೆ ಇದ್ದುದರಿಂದ, ರಾಜ್ಯವು ತನ್ನ ಸ್ವಂತ ಬೊಕ್ಕಸದಿಂದಲೇ ಹಾರಂಗಿ, ಕಬಿನಿ, ಹೇಮಾವತಿ ಅಣೆಕಟ್ಟುಗಳನ್ನು ಕಟ್ಟುತ್ತಿದ್ದಿತು. ಗೊರೂರಿನ ಬಳಿ 37.1 ಟಿ.ಎಂ.ಸಿ. ನೀರು ಹಿಡಿಯುವ ಅಣೆಕಟ್ಟು 1979ರಲ್ಲಿ ಸಿದ್ಧವಾಯಿತು. ಮೇಲಿನವರ ಸಲಹೆಯನ್ನು ಕೇಳದೆ ಹೋದುದರಿಂದಲೇ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಗದ್ದೆಗಳಿಗೂ ದೂರದ ತುಮಕೂರಿಗೂ ನೀರು ಹರಿಯಿತೆಂಬುದನ್ನು ಸಲಹಾ ಪದ್ಧತಿಯ ಅಭಿಮಾನಿಗಳು ಮರೆಯಬಾರದು.

ಮರೆಯಬಾರದ ಇನ್ನೊಂದು ಮುಖವೂ ಇದೆ. ಹಿನ್ನೀರು ಅನೇಕ ಹಳ್ಳಿಗಳನ್ನು ನುಂಗಿತು. ಶೆಟ್ಟಿಹಳ್ಳಿಯ ಇಗರ್ಜಿ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಗೋಡೆ ಕಮಾನುಗಳೊಡನೆ ಹೊರಗೆ ನಿಲ್ಲುವುದನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಆದರೆ ಅಲ್ಲಿಂದ ಎದ್ದುಹೋದ ಮುಳುಗಡೆ ಸಂತ್ರಸ್ತರ ಭೂಮಿಯ ಕಡತಗಳನ್ನು ನೋಡಬಯಸುವವರು ವಿರಳ. ಅಣೆಕಟ್ಟನ್ನು ಎಬ್ಬಿಸುವುದಕ್ಕೆ ಇದ್ದ ತಾಂತ್ರಿಕ ಸಲಹೆಯ ಹತ್ತರಲ್ಲಿ ಒಂದು ಪಾಲಿನಷ್ಟಾದರೂ ಎಬ್ಬಿಸಿದ ಜನರ ಮುಂದಿನ ಎರಡು ತಲೆಮಾರುಗಳ ಬಾಳನ್ನು ಕುರಿತು ಇದ್ದಿದ್ದರೆ ಆ ಕಡತಗಳು ಇಷ್ಟು ದಪ್ಪವಾಗುತ್ತಿರಲಿಲ್ಲ.

ಅದೇ ಸೀಮೆಯ ಆನೆಗಳ ಪ್ರಶ್ನೆ ಇತ್ತೀಚಿನದು. ಆಲೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿಯೂ ಹೊಲಗದ್ದೆಗಳಲ್ಲಿಯೂ ಆನೆಗಳು ನೆಲಸಿ ಪ್ರಾಣಹಾನಿ ಹೆಚ್ಚಿದಾಗ, ಕರ್ನಾಟಕ ಉಚ್ಚ ನ್ಯಾಯಾಲಯದ ಆದೇಶದಿಂದ ರಚಿತವಾದ ಕಾರ್ಯಪಡೆಯು ವಿಜ್ಞಾನಿ ರಾಮನ್ ಸುಕುಮಾರರ ಅಧ್ಯಕ್ಷತೆಯಲ್ಲಿ 2012ರಲ್ಲಿ ವರದಿಯಿತ್ತಿತು. ಮಂತ್ರಿಗಳಿಂದಲ್ಲದೆ ನ್ಯಾಯಾಲಯದಿಂದ ನಿಯೋಜಿತವಾದುದರಿಂದ ಇದರ ಮಾತಿನಲ್ಲಿ ಮುಲಾಜು ಕಡಿಮೆ. ರಾಜ್ಯವನ್ನು ಆನೆಗಳ ಸಂರಕ್ಷಣಾ ವಲಯ, ಸಹಬಾಳ್ವೆಯ ವಲಯ, ಆನೆಗಳನ್ನು ತೆರವುಮಾಡತಕ್ಕ ವಲಯವೆಂದು ಮೂರಾಗಿ ವಿಂಗಡಿಸಿ, ಆಲೂರು-ಹಾಸನ ಭಾಗವನ್ನು ಅದು ಮೂರನೆಯದರಲ್ಲಿಟ್ಟಿತು. ಅದರಂತೆ 22 ಆನೆಗಳು ಸೆರೆಯಾದುವು. ಆದರೆ ತೆರವಾದ ಸ್ಥಳಕ್ಕೆ ಬೇರೆ ಆನೆಗಳು ಬಂದುವು. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಯಸಳೂರು ವಲಯದಲ್ಲಿ ಕಾಡಾನೆಯನ್ನು ಹಿಡಿಯಲು ಹೋದ ದಸರಾ ಆನೆ ಅರ್ಜುನ ಅದರ ದಂತಕ್ಕೆ ಬಲಿಯಾಯಿತು. ಅರ್ಜುನನ ಮರಣಾನಂತರ ಎದ್ದ ಕೂಗಿನಲ್ಲಿ ಆನೆಗಳನ್ನೆಲ್ಲ ಸ್ಥಳಾಂತರಿಸಬೇಕೆನ್ನುವವರೂ, ಹಿಡಿಯುವ ಕೆಲಸವನ್ನೇ ನಿಲ್ಲಿಸಬೇಕೆನ್ನುವವರೂ ಇದ್ದರು. ಸೆರೆಹಿಡಿಯುವ ಕಾರ್ಯಾಚರಣೆ ಮಾತ್ರ ಹಾಸನ ಜಿಲ್ಲೆಯಲ್ಲಿ ಮುಂದೆಯೂ ನಡೆಯಿತು.