ಬರ್ಗಂಡಿಯ ದ್ರಾಕ್ಷಿ ಸೀಮೆಯಲ್ಲಿ ಸೈಕಲ್ ಯಾನ

ಪೂರ್ವ ಫ್ರಾನ್ಸಿನ ಬರ್ಗಂಡಿ ಪ್ರಾಂತದಲ್ಲಿ, ದಿಜೋಂ ನಗರದಿಂದ ದಕ್ಷಿಣದ ಮಾಕೋಂವರೆಗೆ, ಸೋನ್ ನದಿಯ ಬಯಲಿನ ಅಂಚಿನಲ್ಲಿ ತಗ್ಗು ಗುಡ್ಡಗಳ ಸಾಲೊಂದಿದೆ. ಜಗತ್ತಿನ ಅತಿ ದುಬಾರಿ ವೈನ್‌ಗಳಲ್ಲಿ ಹಲವು ಈ ಗುಡ್ಡಗಳ ಇಳಿಜಾರಿನಲ್ಲಿ ಬೆಳೆದ ದ್ರಾಕ್ಷಿಯಿಂದಲೇ ಆಗುತ್ತವೆ. ಸೈಕಲ್ ಪ್ರವಾಸಕ್ಕೂ ಈ ಸೀಮೆ ಹೆಸರುವಾಸಿ. ಬೋನ್ ಪಟ್ಟಣದಿಂದ ಮಾಕೋಂವರೆಗಿನ ಸುಮಾರು 120 ಕಿ.ಮೀ. ದೂರವನ್ನು ಬಹುಮಟ್ಟಿಗೆ ಕಾರು, ಲಾರಿಗಳ ಕಾಟವಿಲ್ಲದೆ ಕ್ರಮಿಸಬಹುದು. ಮೊದಲು ದ್ರಾಕ್ಷಿ ತೋಟಗಳ ನಡುವಿನ ಕೃಷಿ ರಸ್ತೆ, ಆಮೇಲೆ ಕಾಲುವೆಯ ದಂಡೆ, ಕೊನೆಗೆ ಹಳಿ ಕಿತ್ತ ರೈಲು ದಾರಿ. ಕಾಲುವೆಯ ದಂಡೆಯಲ್ಲಿ ದೋಣಿ ಎಳೆಯುತ್ತಿದ್ದ ಕುದುರೆಗೂ ಹಳಿಯ ಮೇಲೆ ಓಡುತ್ತಿದ್ದ ಉಗಿಬಂಡಿಗೂ ಕಡಿದಾದ ಏರು ಆಗಿಬರುತ್ತಿರಲಿಲ್ಲ. ಅದರ ಫಲ ಇವತ್ತು ಸೈಕಲ್ ತುಳಿಯುವವರಿಗೆ ದಕ್ಕಿದೆ. ವಿಶೇಷ ಅಭ್ಯಾಸವಿಲ್ಲದವರೂ ನಾಲ್ಕೈದು ದಿನಗಳಲ್ಲಿ ನಿರಾಳವಾಗಿ ಮುಗಿಸಬಹುದಾದ ದಾರಿಯಿದು.

ಬರ್ಗಂಡಿಯನ್ನು ಅರಿಯಲು ಸೈಕಲ್ಲಿಗಿಂತ ತಕ್ಕ ವಾಹನ ಇನ್ನೊಂದಿಲ್ಲ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಇಲ್ಲಿ ಒಂದು ತೋಟಕ್ಕೂ ಅದರ ಪಕ್ಕದ ತೋಟಕ್ಕೂ ಇರುವ ಅಂತರ ಕೆಲವೊಮ್ಮೆ ಒಂದು ಗಾಡಿ ದಾರಿಯಷ್ಟೇ. ಕಾರಿನಲ್ಲಿ ಹೋಗುವವರಿಗೆ ಅದು ಕಾಣುವುದೇ ಇಲ್ಲ. ಪೆಡಲ್ ತುಳಿಯುವವರಿಗೆ ಮಣ್ಣಿನ ಬಣ್ಣ ಬದಲಾದದ್ದು, ನೆಲ ಬಾಗಿದ್ದು, ಎರಡೂ ಮೈಗೇ ತಿಳಿಯುತ್ತವೆ.

## ಇಳಿಜಾರಿನ ಲೆಕ್ಕ

ದಿಜೋಂನಿಂದ ಸಾಂತ್ನೆವರೆಗಿನ ಸುಮಾರು 60 ಕಿ.ಮೀ. ಉದ್ದದ ಉತ್ತರ ಭಾಗಕ್ಕೆ ಕೋತ್ ದೋರ್ ಎಂದು ಹೆಸರು. ಉದ್ದ ಇಷ್ಟಿದ್ದರೂ ಒಳ್ಳೆಯ ದ್ರಾಕ್ಷಿ ಬೆಳೆಯುವ ಪಟ್ಟಿಯ ಅಗಲ ಹೆಚ್ಚಿನ ಕಡೆ ಒಂದೆರಡು ಕಿ.ಮೀ. ಮೀರುವುದಿಲ್ಲ. ಇಳಿಜಾರು ಪೂರ್ವ, ಆಗ್ನೇಯಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ. ಗುಡ್ಡದ ನೆತ್ತಿಯಲ್ಲಿ ಮಣ್ಣು ತೆಳು, ಗಾಳಿ ಹೆಚ್ಚು. ಬುಡದ ಬಯಲಿನಲ್ಲಿ ಮಣ್ಣು ದಪ್ಪ, ನೀರು ನಿಲ್ಲುತ್ತದೆ. ನಡುಭಾಗದಲ್ಲಿ ಸುಣ್ಣದ ಕಲ್ಲಿನ ಚೂರೂ ಜೇಡಿಯೂ ಹದವಾಗಿ ಬೆರೆತಿವೆ, ಮಳೆ ನೀರು ಬೇಗ ಬಸಿದು ಹೋಗುತ್ತದೆ. ಅತ್ಯುತ್ತಮ ತೋಟಗಳು ಇರುವುದು ಈ ನಡು ಪಟ್ಟಿಯಲ್ಲೇ.

ಹೀಗೆ ಮಣ್ಣು, ಇಳಿಜಾರು, ಬಿಸಿಲಿನ ಆಧಾರದ ಮೇಲೆ ಗಡಿ ಗುರುತಿಸಿ, ಹೆಸರಿಟ್ಟು, ಶತಮಾನಗಳಿಂದ ಬೇರೆಯಾಗಿಯೇ ಕಾಪಾಡಿಕೊಂಡು ಬಂದ ತುಂಡು ಜಮೀನನ್ನು ಇಲ್ಲಿ ಕ್ಲಿಮಾ ಎನ್ನುತ್ತಾರೆ. ಇಂಥ 1,247 ಕ್ಲಿಮಾಗಳನ್ನು ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವೈನ್‌ಗೆ ನಾಲ್ಕು ದರ್ಜೆಗಳಿವೆ: ಇಡೀ ಪ್ರಾಂತದ ಹೆಸರಿನದು, ಊರಿನ ಹೆಸರಿನದು, ಅದರ ಮೇಲೆ ಪ್ರೀಮಿಯೆ ಕ್ರೂ, ಎಲ್ಲಕ್ಕೂ ಮೇಲೆ ಗ್ರಾಂ ಕ್ರೂ. ಕೊನೆಯ ದರ್ಜೆಯ ತೋಟಗಳು ಬರ್ಗಂಡಿಯಲ್ಲಿ ಬರೀ 33. ದರ್ಜೆ ಸಿಗುವುದು ಬೆಳೆಗಾರನಿಗಲ್ಲ, ವೈನ್ ತಯಾರಿಸುವ ಕಂಪನಿಗೂ ಅಲ್ಲ, ನೆಲಕ್ಕೆ. ಕೆಂಪು ವೈನ್‌ಗೆ ಪಿನೊ ನ್ವಾರ್, ಬಿಳಿಗೆ ಶಾರ್ಡೊನೆ ಎಂಬ ತಳಿಗಳೇ ಮುಖ್ಯ. ತಳಿ ಒಂದೇ ಆಗಿದ್ದಾಗ ರುಚಿಯ ವ್ಯತ್ಯಾಸಕ್ಕೆ ನೆಲವೂ ಬೆಳೆಸಿದ ಕೈಯೂ ಉತ್ತರ ಹೇಳಬೇಕಾಗುತ್ತದೆ.

## ಮಠ, ದೊರೆ, ಪಾಲು

ಈ ಗಡಿಗಳನ್ನು ಮೊದಲು ಶ್ರದ್ಧೆಯಿಂದ ಗುರುತಿಸಿದವರಲ್ಲಿ ಕ್ರೈಸ್ತ ಸನ್ಯಾಸಿಗಳು ಪ್ರಮುಖರು. ಸಿತೋ ಮಠದವರು 12ನೇ ಶತಮಾನದಿಂದ ವೂಜೋ ಊರಿನಲ್ಲಿ ತುಂಡು ತುಂಡಾಗಿ ಜಮೀನು ಸೇರಿಸಿ, ಸುತ್ತ ಕಲ್ಲಿನ ಗೋಡೆ ಕಟ್ಟಿದರು. ಸುಮಾರು 50 ಹೆಕ್ಟೇರಿನ ಆ ತೋಟ, ಆ ಗೋಡೆ ಇಂದಿಗೂ ಇವೆ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್, ಹೆಚ್ಚು ಇಳುವರಿ ಕೊಡುವ ಗಾಮೆ ತಳಿಯನ್ನು ಕಿತ್ತುಹಾಕಬೇಕೆಂದು ಆಜ್ಞೆ ಹೊರಡಿಸಿದ. ಇಳುವರಿಗಿಂತ ಗುಣ ಮೇಲೆಂಬ ಈ ಸೀಮೆಯ ಹಟ ಅಷ್ಟು ಹಳೆಯದು.

ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮಠಗಳ ಆಸ್ತಿ ಮುಟ್ಟುಗೋಲಾಗಿ ಹರಾಜಾಯಿತು. 1804ರ ನೆಪೋಲಿಯನ್ ಸಂಹಿತೆ ಮಕ್ಕಳಿಗೆಲ್ಲ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ತಲೆಮಾರು ಕಳೆದಂತೆ ಜಮೀನು ಹೋಳಾಗುತ್ತ ಹೋಯಿತು. ಹಿಂದೆ ಒಂದೇ ಮಠದ ಕೈಯಲ್ಲಿದ್ದ ವೂಜೋ ತೋಟಕ್ಕೆ ಇಂದು ಸುಮಾರು 80 ಮಂದಿ ಒಡೆಯರು; ಕೆಲವರ ಪಾಲಿಗೆ ಬಂದದ್ದು ಬೆರಳೆಣಿಕೆಯ ಸಾಲುಗಳು. 1878ರಲ್ಲಿ ಮ್ಯೂರ್ಸೊ ಊರಿನಲ್ಲಿ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಕೀಟ ಕಾಣಿಸಿಕೊಂಡು ತೋಟಗಳನ್ನು ಬಲಿ ತೆಗೆದುಕೊಂಡಿತು. ಅಮೆರಿಕದ ಕೀಟನಿರೋಧಕ ಬೇರುಗಿಡಕ್ಕೆ ಕಸಿ ಕಟ್ಟಿಯೇ ಪಿನೊ, ಶಾರ್ಡೊನೆ ಉಳಿದುಕೊಂಡವು.

## ಬೋನ್‌ನಿಂದ ಸಾಂತ್ನೆಗೆ

ಪ್ರವಾಸ ಆರಂಭಿಸಲು ಬೋನ್ ಒಳ್ಳೆಯ ಜಾಗ. ಸೈಕಲ್ ಬಾಡಿಗೆಗೆ ಸಿಗುತ್ತದೆ, ರೈಲು ನಿಲ್ದಾಣ ಊರೊಳಗೇ ಇದೆ. ಹೊರಡುವ ಮುನ್ನ ಓತೆಲ್-ದ್ಯೂ ನೋಡಲೇಬೇಕು. ಬರ್ಗಂಡಿಯ ಆಗಿನ ದೊರೆಯ ಮಂತ್ರಿ ನಿಕೊಲಾ ರೊಲಾಂ ಮತ್ತು ಪತ್ನಿ ಗಿಗೋನ್ 1443ರಲ್ಲಿ ಬಡವರಿಗಾಗಿ ಸ್ಥಾಪಿಸಿದ ಆಸ್ಪತ್ರೆಯಿದು. ಬಣ್ಣದ ಮೆರುಗಿನ ಹೆಂಚುಗಳ ಚಾವಣಿ, ಸಾಲು ಮಂಚಗಳ ದೊಡ್ಡ ಕೋಣೆ, ರೊಗೀರ್ ವಾನ್ ಡರ್ ವೇಡನ್ ಬರೆದ ‘ಅಂತಿಮ ತೀರ್ಪು’ ಚಿತ್ರಫಲಕ ಇಲ್ಲಿವೆ. 1971ರವರೆಗೂ ರೋಗಿಗಳಿಗೆ ಇಲ್ಲಿ ಆರೈಕೆ ನಡೆಯುತ್ತಿತ್ತು. ದಾನಿಗಳು ಆಸ್ಪತ್ರೆಗೆ ಬರೆದುಕೊಟ್ಟ ದ್ರಾಕ್ಷಿ ತೋಟಗಳ ವೈನ್ 1859ರಿಂದ ಹರಾಜಾಗುತ್ತಿದೆ. ಈಗ ಅದು ನವೆಂಬರ್ ತಿಂಗಳ ಮೂರನೇ ಭಾನುವಾರ ನಡೆಯುತ್ತದೆ. ಆ ವಾರ ಊರಿನಲ್ಲಿ ಕೋಣೆ ಸಿಗುವುದು ಕಷ್ಟ.

ಬೋನ್‌ನಿಂದ ಸಾಂತ್ನೆವರೆಗಿನ ಸುಮಾರು 22 ಕಿ.ಮೀ. ದಾರಿಗೆ ‘ವ್ವಾ ದೆ ವೀಞ್’, ಅಂದರೆ ದ್ರಾಕ್ಷಿ ಬಳ್ಳಿಗಳ ದಾರಿ, ಎಂದು ಹೆಸರು. ಪೊಮ್ಮಾರ್, ವೊಲ್ನೆ, ಮ್ಯೂರ್ಸೊ, ಪುಲಿನ್ಯಿ, ಶಾಸಾಞ್: ಬಾಟಲಿಯ ಚೀಟಿಯಲ್ಲಿ ಓದಿದ ಹೆಸರುಗಳು ಒಂದೊಂದಾಗಿ ಊರುಗಳಾಗಿ ಎದುರಾಗುತ್ತವೆ. ಪೊಮ್ಮಾರ್, ವೊಲ್ನೆ ಹೆಸರಿನಲ್ಲಿ ಮಾರಲು ಕೆಂಪು ವೈನ್‌ಗೆ ಮಾತ್ರ ಅನುಮತಿ. ಮ್ಯೂರ್ಸೊ ದಾಟುವಷ್ಟರಲ್ಲಿ ಬಿಳಿ ವೈನ್‌ನ ಸೀಮೆ. ವೊಲ್ನೆಯ ಹತ್ತಿರ ಸಣ್ಣದೊಂದು ಏರು ಬಿಟ್ಟರೆ ದಾರಿ ಸಲೀಸು.

ಇದು ಸೈಕಲ್ಲಿಗೆಂದೇ ಮೀಸಲಿಟ್ಟ ದಾರಿಯಲ್ಲ, ರೈತರ ಕೆಲಸದ ರಸ್ತೆ ಎಂಬುದನ್ನು ನೆನಪಿಡಬೇಕು. ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ ಸುಮಾರು ಒಂದು ಮೀಟರ್ ಅಂತರ. ಹೆಕ್ಟೇರಿಗೆ ಸುಮಾರು 10,000 ಗಿಡ. ಇಷ್ಟು ಇಕ್ಕಟ್ಟಿನ ಸಾಲುಗಳ ನಡುವೆ ಸಾಮಾನ್ಯ ಟ್ರ್ಯಾಕ್ಟರ್ ನುಗ್ಗದು. ಹಾಗಾಗಿ ಇಲ್ಲಿನ ಟ್ರ್ಯಾಕ್ಟರ್‌ಗೆ ನೀಳ ಕಾಲುಗಳಿವೆ. ಎಡಗಾಲಿ ಒಂದು ಓಣಿಯಲ್ಲಿ, ಬಲಗಾಲಿ ಪಕ್ಕದ ಓಣಿಯಲ್ಲಿ, ಎಂಜಿನ್ನೂ ಚಾಲಕನೂ ಬಳ್ಳಿಗಳ ತಲೆಯ ಮೇಲೆ. ಗಿಡದ ಸಾಲು ಅದರ ಹೊಟ್ಟೆಯಡಿ ನುಸುಳಿ ಹಿಂದಿನಿಂದ ಹೊರಬರುತ್ತದೆ. ಅದು ಎದುರು ಬಂದಾಗ ಸೈಕಲ್ ಇಳಿದು ಅಂಚಿಗೆ ಸರಿದು ನಿಲ್ಲುವುದು ಇಲ್ಲಿನ ಮರ್ಯಾದೆ.

ವಿಜಯಪುರ, ಚಿಕ್ಕಬಳ್ಳಾಪುರದ ಕಡೆ ತಲೆಯ ಮೇಲೆ ಚಪ್ಪರದಲ್ಲಿ ತೂಗುವ ದ್ರಾಕ್ಷಿ ಕಂಡವರಿಗೆ ಇಲ್ಲಿನ ಬಳ್ಳಿ ಕುಳ್ಳಾಗಿ ಕಾಣುತ್ತದೆ. ಗೊಂಚಲು ಕಟ್ಟುವುದು ಮೊಣಕಾಲಿನ ಮಟ್ಟದಲ್ಲಿ, ಹಗಲು ಕಾದ ನೆಲದ ಬಿಸಿ ರಾತ್ರಿ ತಟ್ಟುವಷ್ಟು ಹತ್ತಿರ. ನಮ್ಮಲ್ಲಿ ವರ್ಷಕ್ಕೆ ಎರಡು ಚಾಟನಿ. ಅಲ್ಲಿ ಗಿಡ ಎಲೆ ಉದುರಿಸಿ ಮಲಗುವ ಚಳಿಗಾಲದಲ್ಲಿ ಒಂದೇ. ಸವರಿದ ಕಡ್ಡಿಗಳನ್ನು ಹಳೆಯ ಡ್ರಮ್ಮು ಸೀಳಿ ಮಾಡಿದ ತಳ್ಳುಗಾಡಿಯಲ್ಲಿ ಅಲ್ಲೇ ಸುಡುವ ರೂಢಿಯಿದೆ. ಬೇಸಿಗೆಯಲ್ಲಿ ಕೆಲವು ತೋಟಗಳ ಎಲೆಗಳ ಮೇಲೆ ನೀಲಿ ಕಲೆ ಕಾಣುತ್ತದೆ. ಅದು ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ. ಫ್ರಾನ್ಸಿನ ದ್ರಾಕ್ಷಿಯ ಬೂಜು ರೋಗಕ್ಕೆಂದು 1880ರ ದಶಕದಲ್ಲಿ ರೂಪುಗೊಂಡ ಇದೇ ಔಷಧವನ್ನು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಮಲೆನಾಡಿನವರಿಗೆ ಆ ನೀಲಿ ಹೊಸದಲ್ಲ.

ಪುಲಿನ್ಯಿ ಮತ್ತು ಶಾಸಾಞ್ ನಡುವೆ ನಿಧಾನವಾಗಿ ಹೋಗಬೇಕು. ಮೊಂರಾಷೆ ಎಂಬ ಗ್ರಾಂ ಕ್ರೂ ತೋಟ ಎರಡೂ ಊರುಗಳಲ್ಲಿ ಹರಡಿದೆ. ವಿಸ್ತೀರ್ಣ ಬರೀ 8 ಹೆಕ್ಟೇರ್. ಅದರ ಕೀರ್ತಿಗಾಗಿ ಪುಲಿನ್ಯಿ 1879ರಲ್ಲಿ ತೋಟದ ಹೆಸರನ್ನೇ ತನ್ನ ಹೆಸರಿಗೆ ಜೋಡಿಸಿಕೊಂಡಿತು. ತಗ್ಗಾದ ಕಲ್ಲಿನ ಗೋಡೆ, ಹೆಸರು ಕೆತ್ತಿದ ಬಾಗಿಲು ಕಂಬ ಬಿಟ್ಟರೆ ಬೇರೆ ಆಡಂಬರವಿಲ್ಲ. ಮೇಲೆ ಶೆವಾಲಿಯೆ, ಕೆಳಗೆ ಬಾತಾರ್, ಅವೂ ಗ್ರಾಂ ಕ್ರೂ ತೋಟಗಳೇ. ಇನ್ನೂ ಕೆಳಗೆ ಇಳಿದರೆ ಊರಿನ ದರ್ಜೆ, ಹೆದ್ದಾರಿಯ ಹತ್ತಿರ ಪ್ರಾಂತದ ದರ್ಜೆ. ಮೇಲಿನಿಂದ ಕೆಳಗೆ ಕೆಲವು ನಿಮಿಷ ಸೈಕಲ್ ಬಿಟ್ಟರೆ ಸಾಕು, ಬರ್ಗಂಡಿಯ ದರ್ಜೆ ವ್ಯವಸ್ಥೆ ಕಣ್ಣಮುಂದೆ ಬಿಚ್ಚಿಕೊಳ್ಳುತ್ತದೆ. ಇಳಿಜಾರು ಮುಗಿದು ಬ್ರೇಕ್ ಹಿಡಿಯುವುದು ಬೇಡವಾಗುವ ಜಾಗದಲ್ಲೇ ವೈನ್‌ನ ಬೆಲೆಯೂ ಇಳಿದಿರುತ್ತದೆ.

## ಕಾಲುವೆಯ ದಂಡೆ

ಸಾಂತ್ನೆಯಿಂದ ಶಾನ್ಯಿ ಮೂಲಕ ಶಾಲೋಂ ನಗರದ ಕಡೆಗೆ ದಾರಿ ಸಾಂತ್ರ್ ಕಾಲುವೆಯ ಜೊತೆ ಸಾಗುತ್ತದೆ. ಸೋನ್ ಮತ್ತು ಲ್ವಾರ್ ನದಿಗಳನ್ನು ಜೋಡಿಸುವ ಈ ಕಾಲುವೆಯನ್ನು 18ನೇ ಶತಮಾನದ ಕೊನೆಯಲ್ಲಿ ಎಂಜಿನಿಯರ್ ಎಮಿಲಾಂ ಗೋಥೆ ಕಟ್ಟಿಸಿದ. ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗೆ ಹೋಗುವ ‘ಯೂರೋವೆಲೊ 6’ ಸೈಕಲ್ ಮಾರ್ಗ ಇಲ್ಲಿ ಜೊತೆಯಾಗುತ್ತದೆ.

ಶಾಲೋಂ, ಛಾಯಾಗ್ರಹಣದ ಪಿತಾಮಹ ನಿಸೆಫೋರ್ ನಿಯೆಪ್ಸ್ 1765ರಲ್ಲಿ ಹುಟ್ಟಿದ ಊರು. ಉಳಿದಿರುವ ಅತಿ ಹಳೆಯ ಛಾಯಾಚಿತ್ರವನ್ನು ಅವನು ಹತ್ತಿರದ ಸ್ಯಾಂ-ಲೂ ಹಳ್ಳಿಯ ಮನೆಯ ಕಿಟಕಿಯಿಂದ ತೆಗೆದ. ಸೈಕಲ್ಲಿನ ಪೂರ್ವಜವಾದ ಪೆಡಲ್ ಇಲ್ಲದ ಎರಡು ಗಾಲಿಯ ಓಟದ ಗಾಡಿಯನ್ನೂ ಅವನು 1818ರ ಸುಮಾರಿಗೆ ತಾನೇ ಮಾಡಿಕೊಂಡು ಸುಧಾರಿಸಿದ್ದ. ಊರಿನಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯವಿದೆ.

## ಹಳಿ ಹೋದ ಮೇಲೆ ಹಸಿರು ದಾರಿ

ಶಾಲೋಂ ಪಕ್ಕದ ಜಿವ್ರಿಯಿಂದ ಕ್ಲೂನಿವರೆಗಿನ 44 ಕಿ.ಮೀ. ‘ವ್ವಾ ವೆರ್ತ್’, ಅಂದರೆ ಹಸಿರು ದಾರಿ, 1997ರಲ್ಲಿ ತೆರೆಯಿತು. ಫ್ರಾನ್ಸಿನಲ್ಲಿ ಇಂಥದ್ದು ಇದೇ ಮೊದಲು. ಬಳಕೆ ನಿಂತ ರೈಲು ದಾರಿಯ ಹಳಿ ಕಿತ್ತು ಡಾಂಬರು ಹಾಕಿದ ಈ ದಾರಿಯಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಮಕ್ಕಳನ್ನು ಕರೆದುಕೊಂಡು ಬಂದವರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಹಳೆಯ ನಿಲ್ದಾಣದ ಕಟ್ಟಡಗಳು ಅಲ್ಲಲ್ಲಿ ಉಳಿದುಕೊಂಡಿವೆ. ಬುಸ್ಸಿ ಊರಿನ ವೈನ್ ಸಹಕಾರ ಸಂಘ, ಕಂದಕ ಸುತ್ತಿದ ಕೊರ್ಮಾತ್ಯಾಂ ಅರಮನೆ, 1940ರಲ್ಲಿ ಬ್ರದರ್ ರೋಜೆ ನೆಲೆಸಿ ಬೆಳೆಸಿದ ತೆಜೆ ಆಶ್ರಮ ಎಲ್ಲವೂ ದಾರಿಗೆ ಹತ್ತಿರ.

ಕ್ಲೂನಿಯಲ್ಲಿ ಒಂದು ರಾತ್ರಿಯಾದರೂ ತಂಗಬೇಕು. 910ರಲ್ಲಿ ಸ್ಥಾಪನೆಯಾದ ಇಲ್ಲಿನ ಮಠದ ಮೂರನೆಯ ಚರ್ಚು 1088ರಲ್ಲಿ ಆರಂಭವಾಗಿ, ರೋಮ್‌ನಲ್ಲಿ ಈಗಿನ ಸೇಂಟ್ ಪೀಟರ್ಸ್ ಏಳುವವರೆಗೆ ಕ್ರೈಸ್ತ ಜಗತ್ತಿನಲ್ಲೇ ಅತಿ ದೊಡ್ಡದಾಗಿತ್ತು. ಕ್ರಾಂತಿಯ ನಂತರ ಅದನ್ನು ಕೊಂಡವರು ಕಲ್ಲಿಗಾಗಿ ಕೆಡವಿ ಮಾರಿದರು. ಉಳಿದಿರುವ ಒಂದು ಪಕ್ಕದ ತೋಳಿನ ಕೆಳಗೆ ನಿಂತು ಕತ್ತೆತ್ತಿದರೆ ಕಳೆದುಹೋದದ್ದರ ಅಳತೆ ಸಿಗುತ್ತದೆ.

ಕ್ಲೂನಿಯಿಂದ ಮಾಕೋಂ ಕಡೆಗೆ ಹೋಗುವಾಗ ಬ್ವಾ ಕ್ಲೇರ್ ಸುರಂಗ ಸಿಗುತ್ತದೆ. ಉದ್ದ 1.6 ಕಿ.ಮೀ., ಒಳಗೆ ಬೇಸಿಗೆಯಲ್ಲೂ ಸ್ವೆಟರ್ ಬೇಕೆನಿಸುವ ತಂಪು. ಚಳಿಗಾಲದಲ್ಲಿ ಬಾವಲಿಗಳಿಗಾಗಿ ಅದನ್ನು ಮುಚ್ಚುತ್ತಾರೆ. ಆಗ ಗುಡ್ಡ ಹತ್ತಿ ಇಳಿಯಬೇಕು. ಆಚೆಗೆ ಮಾಕೋನೆ ಸೀಮೆ, ಬಿಳಿ ವೈನ್‌ನ ನಾಡು, ದೂರದಲ್ಲಿ ಸೊಲ್ಯುತ್ರೆಯ ಕಡಿದಾದ ಬಂಡೆ.

## ಕಾಲ, ಹವಾಮಾನ

ಮೇ, ಜೂನ್ ಮತ್ತು ಸೆಪ್ಟೆಂಬರ್ ಉತ್ತಮ. ಜುಲೈ, ಆಗಸ್ಟ್‌ನಲ್ಲಿ ತೋಟಗಳ ನಡುವೆ ನೆರಳೇ ಇರದು. ಕೊಯ್ಲಿನ ದಿನಗಳು ಈಗ ಮೊದಲಿನಂತಿಲ್ಲ. ಬೋನ್‌ನಲ್ಲಿ 1354ರಿಂದಲೂ ಕೊಯ್ಲಿನ ದಿನಾಂಕಗಳ ದಾಖಲೆಯಿದೆ. 1988ರ ಈಚೆಗೆ ಕೊಯ್ಲು ಸರಾಸರಿ 13 ದಿನ ಮುಂಚೆ ಬರುತ್ತಿದೆ ಎಂದು ಅವುಗಳನ್ನು ಅಭ್ಯಸಿಸಿದ ಸಂಶೋಧಕರು ತೋರಿಸಿದ್ದಾರೆ. ಬೇಗ ಚಿಗುರಿದ ಗಿಡಕ್ಕೆ ವಸಂತದ ಹಿಮದ ಭಯವೂ ಹೆಚ್ಚು. 2021ರ ಏಪ್ರಿಲ್‌ನಲ್ಲಿ ಎಳೆ ಚಿಗುರು ಉಳಿಸಲು ಬೆಳೆಗಾರರು ರಾತ್ರಿಯಿಡೀ ತೋಟಗಳಲ್ಲಿ ದೊಡ್ಡ ಮೇಣದ ಬತ್ತಿಗಳನ್ನು ಉರಿಸಿದರು. ಆದರೂ ನಷ್ಟ ಭಾರಿಯಾಗಿತ್ತು. ಈ ಭೂಮಿಯ ಗಡಿಗಳನ್ನೆಲ್ಲ ಹಳೆಯ ಹವಾಮಾನಕ್ಕೆ ಹೊಂದಿಸಿ ಗುರುತಿಸಿದ್ದು ಎಂಬುದನ್ನು ನೆನೆದರೆ ಚಿಂತೆಯಾಗುತ್ತದೆ.

## ರುಚಿ ನೋಡುವುದು, ಊಟ, ನಿಯಮ

ಸಣ್ಣ ತಯಾರಕರ ನೆಲಮಾಳಿಗೆಗೆ ಹೋಗಬೇಕಾದರೆ ಮೊದಲೇ ಕೇಳಿ ಸಮಯ ಗೊತ್ತುಮಾಡಿಕೊಳ್ಳಬೇಕು. ಅವರು ತೋಟದ ಕೆಲಸದಲ್ಲಿರುತ್ತಾರೆ. ರುಚಿ ನೋಡಿ ಉಗುಳುವುದು ಅಲ್ಲಿ ಅಸಭ್ಯವಲ್ಲ, ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ. ಸೈಕಲ್ಲಿನವರು ಹಾಗೆ ಮಾಡುವುದೇ ಸರಿ. ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯದ ಮಿತಿ ಅವರಿಗೂ ಅನ್ವಯಿಸುತ್ತದೆ.

ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರೊಳಗೆ ಮುಗಿಸಬೇಕು, ಆಮೇಲೆ ಹಳ್ಳಿಗಳಲ್ಲಿ ಅಡುಗೆಮನೆ ಮುಚ್ಚಿರುತ್ತದೆ. ಭಾನುವಾರ, ಸೋಮವಾರ ಅಂಗಡಿ ಸಿಗುವುದೂ ಅನುಮಾನ, ಹಿಂದಿನ ದಿನವೇ ಬ್ರೆಡ್, ಹಣ್ಣು ಕಟ್ಟಿಕೊಳ್ಳಬೇಕು. ಸಸ್ಯಾಹಾರಿಗಳಿಗೆ ಗುಜೇರ್ ಎಂಬ ಚೀಸ್ ಬೆರೆಸಿದ ಬೇಕರಿ ತಿನಿಸು ಹಿತವಾದೀತು, ಅದರಲ್ಲಿ ಮೊಟ್ಟೆಯಿರುತ್ತದೆ. ಅಲ್ಲಿನ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಲವನ್ನು ಕರುವಿನ ಹೊಟ್ಟೆಯ ಕಿಣ್ವದಿಂದ ಹೆಪ್ಪುಗಟ್ಟಿಸುವುದರಿಂದ ಕಟ್ಟುನಿಟ್ಟಿನವರು ಕೇಳಿ ತಿನ್ನಬೇಕು.

ಫ್ರಾನ್ಸಿನಲ್ಲಿ ರಸ್ತೆಯ ಬಲಕ್ಕೆ ಹೋಗಬೇಕು. 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ಕಿವಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ತುಳಿಯುವಂತಿಲ್ಲ. ರಾತ್ರಿ ಊರಾಚೆ ಹೊಳೆಯುವ ಜಾಕೆಟ್ ತೊಡಲೇಬೇಕು. ಪ್ಯಾರಿಸ್ಸಿನಿಂದ ದಿಜೋಂಗೆ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ದಿಜೋಂ, ಬೋನ್, ಶಾನ್ಯಿ, ಶಾಲೋಂ, ಮಾಕೋಂ ಒಂದೇ ರೈಲು ಮಾರ್ಗದ ಮೇಲಿವೆ, ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ ಒಯ್ಯಬಹುದು. ದಣಿದವರು, ಮಳೆಗೆ ಸಿಕ್ಕವರು ಈ ಯಾವ ನಿಲ್ದಾಣದಲ್ಲಾದರೂ ಸೈಕಲ್ ಸಮೇತ ರೈಲು ಹತ್ತಬಹುದು. ಕ್ಲೂನಿಗೆ ಮಾತ್ರ ಈಗ ರೈಲಿಲ್ಲ.